ಕೊನೆಯ ನಿಲ್ದಾಣದ ಲೆಕ್ಕಪತ್ರ

ರೈಲ್ವೆ ಇಲಾಖೆಗೆ ಸಲ್ಲಿಸಬೇಕಾದ ಮನವಿಪತ್ರಗಳ ಕರಡನ್ನು ಸಿದ್ಧಪಡಿಸುವ ಕೆಲಸ ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಅಂಕಿಅಂಶಗಳೊಡನೆ ಏಗುವವನು ಎಂಬ ಕಾರಣಕ್ಕೆ ಹಿರಿಯ ಸದಸ್ಯರು ಇದನ್ನು ವಹಿಸಿದ್ದಿರಬೇಕು. ಪ್ರತಿ ಬಾರಿಯೂ ಹಳೆಯ ಪ್ರತಿಗಳನ್ನು ಮುಂದಿಟ್ಟುಕೊಂಡು ಕುಳಿತಾಗ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ದಿನಾಂಕಗಳು ಬದಲಾಗಿವೆ, ಸಚಿವರ ಹೆಸರುಗಳು ಬದಲಾಗಿವೆ, ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದಿದೆ. ಮೊದಲನೆಯ ಬೇಡಿಕೆ ಮಾತ್ರ ಬದಲಾಗಿಲ್ಲ. ಚಾಮರಾಜನಗರದಿಂದ ಸತ್ಯಮಂಗಲದ ಮೂಲಕ ಮೆಟ್ಟುಪಾಳ್ಯಂಗೆ ರೈಲು ಮಾರ್ಗ ಆಗಬೇಕು ಎಂಬುದೇ ಆ ಬೇಡಿಕೆ. ನಮ್ಮ ತಂದೆಯ ತಲೆಮಾರಿನ ವರ್ತಕರು ಇದನ್ನೇ ಕೇಳಿದರು, ಅವರ ಹಿಂದಿನವರೂ ಇದನ್ನೇ ಆಡಿಕೊಳ್ಳುತ್ತಿದ್ದರೆಂದು ಕೇಳಿದ್ದೇನೆ.

ಈ ಬೇಡಿಕೆಯನ್ನು ಮೊದಲ ಸ್ಥಾನದಿಂದ ಕೆಳಗಿಳಿಸಬೇಕೆಂಬುದು ಈ ಲೇಖನದ ಸಲಹೆ. ಹಲವರಿಗೆ ಇದು ಅಪ್ರಿಯವಾಗಬಹುದೆಂದು ಬಲ್ಲೆ. ನಮ್ಮಲ್ಲಿ ಈಗಾಗಲೇ ಇರುವ 61 ಕಿ.ಮೀ. ಹಳಿಯನ್ನು ಮೈಸೂರಿನ ಉಪನಗರ ರೈಲು ಮಾರ್ಗವೆಂದು ಭಾವಿಸಿ, ಚಾಮರಾಜನಗರ ನಿಲ್ದಾಣವನ್ನು ನಿತ್ಯ ಪ್ರಯಾಣಿಕರ ನಿಲ್ದಾಣವಾಗಿ ಬೆಳೆಸುವ ಬೇಡಿಕೆ ಆ ಸ್ಥಾನಕ್ಕೆ ಬರಬೇಕು. ಏಕೆಂಬುದನ್ನು ವಿವರಿಸುವ ಮುನ್ನ ಈ ಹಳಿಯ ಪೂರ್ವವೃತ್ತಾಂತವನ್ನು ಸ್ವಲ್ಪ ನೆನಪಿಸಿಕೊಳ್ಳುವುದು ಉಚಿತ.

ಅರಿಕುಠಾರ ಎಂಬ ಹೆಸರಿನ ನಮ್ಮ ಊರು 1818ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಚಾಮರಾಜನಗರವೆಂದು ನಾಮಕರಣ ಪಡೆಯಿತು. ಮೈಸೂರಿನಿಂದ ನಂಜನಗೂಡಿಗೆ ರೈಲು ಬಂದದ್ದು 1891ರಲ್ಲಿ. ಕಪಿಲಾ ನದಿಯ ಮೇಲೆ ದಳವಾಯಿ ದೇವರಾಜಯ್ಯನವರ ಕಾಲದಲ್ಲಿ, 1735ರಲ್ಲಿ ಕಟ್ಟಲಾದ ಕಲ್ಲಿನ ಸೇತುವೆಯ ಮೇಲೆಯೇ ರಸ್ತೆಯೂ ಹಳಿಯೂ ಜೊತೆಯಾಗಿ ಸಾಗುತ್ತಿದ್ದುದನ್ನು ನಮ್ಮ ವಯಸ್ಸಿನವರು ಕಣ್ಣಾರೆ ಕಂಡಿದ್ದೇವೆ. ನಂಜನಗೂಡಿನಿಂದ ಹಳಿ ಮುಂದುವರಿದು ಚಾಮರಾಜನಗರವನ್ನು ತಲುಪಿದ್ದು 1926ರಲ್ಲಿ. ಅಂದರೆ ಎರಡು ಊರುಗಳ ನಡುವಿನ ದೂರವನ್ನು ಕ್ರಮಿಸಲು ರೈಲಿಗೆ ಮೂವತ್ತೈದು ವರ್ಷ ಹಿಡಿಯಿತು! ಅಲ್ಲಿಂದೀಚೆಗೆ ನೂರು ವರ್ಷಗಳಾದರೂ ಅದು ಒಂದು ಹೆಜ್ಜೆಯೂ ಮುಂದೆ ಇಟ್ಟಿಲ್ಲ. ನಮ್ಮ ನಿಲ್ದಾಣ ಇಂದಿಗೂ ಕೊನೆಯ ನಿಲ್ದಾಣ.

2000ರ ದಶಕದಲ್ಲಿ ಮೀಟರ್ ಗೇಜ್ ಹೋಗಿ ಬ್ರಾಡ್‌ಗೇಜ್ ಬಂತು. ಬಳಿಕ ವಿದ್ಯುದೀಕರಣವೂ ಆಯಿತು. ಅಶೋಕಪುರಂ, ಕಡಕೊಳ, ತಾಂಡವಪುರ, ಸುಜಾತಪುರಂ, ನಂಜನಗೂಡು, ಕವಲಂದೆ, ಬದನಗುಪ್ಪೆ ಮುಂತಾದ ಸಣ್ಣ ದೊಡ್ಡ ನಿಲ್ದಾಣಗಳನ್ನು ಹಾದು ಬರುವ ಗಾಡಿಗಳನ್ನು ಬೆರಳು ಮಡಿಸಿ ಎಣಿಸಬಹುದು. ತಿರುಪತಿ ಎಕ್ಸ್‌ಪ್ರೆಸ್ ಒಂದನ್ನು ಬಿಟ್ಟರೆ ಮಿಕ್ಕವು ಬಹುತೇಕ ಪ್ಯಾಸೆಂಜರ್ ಗಾಡಿಗಳು. ಗೇಜ್ ಪರಿವರ್ತನೆ ಹಾಗೂ ವಿದ್ಯುತ್ ತಂತಿಗಳಿಗೆ ಸಾರ್ವಜನಿಕ ಹಣ ಕೋಟಿಗಟ್ಟಲೆ ವೆಚ್ಚವಾಗಿದೆ. ಲೆಕ್ಕಪರಿಶೋಧಕನ ಭಾಷೆಯಲ್ಲಿ ಹೇಳುವುದಾದರೆ, ಸ್ಥಿರಾಸ್ತಿ ಖರೀದಿಯಾಗಿದೆ, ಸವಕಳಿಯೂ ವರ್ಷ ವರ್ಷ ಬೀಳುತ್ತಿದೆ, ಆದರೆ ಯಂತ್ರ ದಿನದ ಬಹುಪಾಲು ಹೊತ್ತು ಸುಮ್ಮನೆ ನಿಂತಿದೆ. ಇಂತಹ ಯಂತ್ರವೊಂದು ನಿಮ್ಮ ಕಾರ್ಖಾನೆಯಲ್ಲಿದ್ದರೆ, ಅದನ್ನು ಪೂರ್ಣ ಬಳಕೆಗೆ ತರುವ ಮೊದಲೇ ಇನ್ನೊಂದು ಯಂತ್ರಕ್ಕೆ ಸಾಲ ಕೇಳಿ ಬ್ಯಾಂಕಿಗೆ ಹೋಗುತ್ತೀರಾ? ಹೋದರೆ ಯೋಜನಾ ವರದಿಯನ್ನು ಬರೆದುಕೊಡಲು ನಾನಂತೂ ಹಿಂಜರಿಯುತ್ತೇನೆ.

ಈಗ ಮೆಟ್ಟುಪಾಳ್ಯಂ ಮಾರ್ಗದ ವಿಚಾರ. ಆ ಮಾರ್ಗ ಆದರೆ ಮೈಸೂರಿನಿಂದ ಕೊಯಮತ್ತೂರಿಗೆ ನೇರ ಸಂಪರ್ಕ ದೊರೆಯುತ್ತದೆ, ತಿರುಪ್ಪೂರು ಈರೋಡುಗಳ ಜವಳಿ ಮಾರುಕಟ್ಟೆ ಹತ್ತಿರವಾಗುತ್ತದೆ, ನಮ್ಮ ಅರಿಶಿನಕ್ಕೆ ಈರೋಡಿನ ದರ ನೇರವಾಗಿ ದಕ್ಕುತ್ತದೆ ಎಂಬುದೆಲ್ಲ ನಿಜ. ಆದರೆ ನಡುವೆ ಇರುವುದು ಕಾಡು. ಬಂಡೀಪುರ 1973ರಿಂದಲೇ ಹುಲಿ ಯೋಜನೆಯಲ್ಲಿದೆ. ಬಿಳಿಗಿರಿರಂಗನ ಬೆಟ್ಟ 2011ರಲ್ಲಿಯೂ ಸತ್ಯಮಂಗಲ 2013ರಲ್ಲಿಯೂ ಹುಲಿ ಸಂರಕ್ಷಿತ ಪ್ರದೇಶಗಳಾದವು. ನಮ್ಮ ಹಿರಿಯರು ಈ ಬೇಡಿಕೆಯನ್ನು ಮಂಡಿಸಿದ ಕಾಲಕ್ಕೂ ಇಂದಿಗೂ ಕಾನೂನಿನ ನೆಲವೇ ಬದಲಾಗಿದೆ. ಗುಂಡ್ಲುಪೇಟೆಯ ವರ್ತಕ ಬಾಂಧವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. 2009ರಿಂದ ಬಂಡೀಪುರದ ಮೂಲಕ ಹಾದುಹೋಗುವ ಹೆದ್ದಾರಿಯಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ತೆರಕಣಾಂಬಿ ಮಾರುಕಟ್ಟೆಯಲ್ಲಿ ಕೇರಳಕ್ಕೆಂದು ತರಕಾರಿ ತುಂಬಿಸುವವರು ಗಡಿಯಾರ ನೋಡಿಕೊಂಡೇ ಲಾರಿ ಹೊರಡಿಸುತ್ತಾರೆ. ಇರುವ ರಸ್ತೆಯಲ್ಲಿ ರಾತ್ರಿ ಲಾರಿ ಬಿಡದ ಕಾಡಿನಲ್ಲಿ ಹೊಸ ಹಳಿ ಹಾಸಲು ಬಿಡುವರೆಂದು ನಂಬುವುದು ಹೇಗೆ? ನಂಜನಗೂಡು–ನಿಲಂಬೂರು ಮಾರ್ಗದ ಪ್ರಸ್ತಾಪಕ್ಕೂ ಇದೇ ಅಡ್ಡಿ. ಆ ಅಡ್ಡಿ ಸರಿಯೋ ತಪ್ಪೋ ಎಂಬ ಚರ್ಚೆಗೆ ನಾನು ಹೋಗುವುದಿಲ್ಲ. ಕಾಡು ಇರುವುದರಿಂದಲೇ ಬಂಡೀಪುರಕ್ಕೆ ಬರುವ ಪ್ರವಾಸಿಗರು ಗುಂಡ್ಲುಪೇಟೆಯ ಹೋಟೆಲುಗಳಲ್ಲಿ ಊಟ ಮಾಡುತ್ತಾರೆ ಎಂಬುದನ್ನಾದರೂ ನಾವು ಮರೆಯಬಾರದು.

ಹೆಜ್ಜಾಲದಿಂದ ಕನಕಪುರ, ಕೊಳ್ಳೇಗಾಲಗಳ ಮೂಲಕ ಚಾಮರಾಜನಗರಕ್ಕೆ ಬರಬೇಕಾದ 142 ಕಿ.ಮೀ. ಮಾರ್ಗದ ಕಥೆ ಬೇರೆ. ಅಲ್ಲಿ ಅಡ್ಡಿಯಾಗಿರುವುದು ಹಣ ಮತ್ತು ಭೂಸ್ವಾಧೀನ. ಅದು ಒಂದಲ್ಲ ಒಂದು ದಿನ ಆಗಬಹುದು. ಕೊಳ್ಳೇಗಾಲದವರು ಅದಕ್ಕಾಗಿ ಒತ್ತಾಯಿಸುತ್ತಿರಲಿ, ನಾವೂ ಜೊತೆಗೆ ನಿಲ್ಲೋಣ. ಆದರೆ ಲೆಕ್ಕಪತ್ರ ಮಾನದಂಡ 29ರಲ್ಲಿ ಒಂದು ನಿಯಮವಿದೆ: ಮುಂದೆ ಬಂದರೂ ಬರಬಹುದಾದ ಆಸ್ತಿಯನ್ನು ಅಢಾವೆ ಪತ್ರಿಕೆಯಲ್ಲಿ ತೋರಿಸುವಂತಿಲ್ಲ. ನಮ್ಮ ಮನವಿಪತ್ರಗಳಲ್ಲಿ ಅಂತಹ ಆಸ್ತಿಗಳೇ ತುಂಬಿಕೊಂಡಿವೆ. ಕೈಯಲ್ಲಿರುವ ಆಸ್ತಿಯ ಹೆಸರು ಕೊನೆಯ ಪುಟದಲ್ಲಿ, ಅದೂ 'ಕುಡಿಯುವ ನೀರಿನ ವ್ಯವಸ್ಥೆ' ಎಂಬ ಶೀರ್ಷಿಕೆಯಡಿ ಬರುತ್ತದೆ.

1990ರ ದಶಕದಲ್ಲಿ ಆರ್ಟಿಕಲ್‌ಷಿಪ್‌ಗಾಗಿ ನಾನು ಮೈಸೂರಿನ ಕಚೇರಿಯೊಂದಕ್ಕೆ ಇದೇ ಹಳಿಯ ಮೀಟರ್ ಗೇಜ್ ಗಾಡಿಯಲ್ಲಿ ಓಡಾಡಿದವನು. ಗಾಡಿ ನಿಧಾನ, ಮರದ ಆಸನ, ಕಿಟಕಿಯಲ್ಲಿ ಮಸಿ. ಆದರೂ ತಿಂಗಳ ಪಾಸಿನ ಬೆಲೆ ಬಸ್ಸಿನ ಒಂದು ವಾರದ ಖರ್ಚಿಗಿಂತ ಕಡಿಮೆ ಇದ್ದುದರಿಂದಲೇ ನನ್ನಂತಹವರು ಓದು ಮುಗಿಸಲು ಸಾಧ್ಯವಾಯಿತು. ಎದುರಿನ ಆಸನದಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡ ಹೆಂಗಸರು, ಪಕ್ಕದಲ್ಲಿ ರೇಷ್ಮೆ ಗೂಡಿನ ದರವನ್ನು ಚರ್ಚಿಸುವ ರೀಲರುಗಳು, ಬಾಗಿಲಲ್ಲಿ ಕಾಲೇಜು ಹುಡುಗರು. ಅರಿಶಿನದ ಮಂಡಿಯ ಹಿರಿಯ ಗುಮಾಸ್ತರೊಬ್ಬರು ಕವಲಂದೆಯಿಂದ ನಂಜನಗೂಡಿನವರೆಗಿನ ಹೊತ್ತಿನಲ್ಲಿ ನನಗೆ ರೋಜು ಕೀರ್ದಿ ಬರೆಯುವ ಹಳೆಯ ಕ್ರಮವನ್ನು ಹೇಳಿಕೊಟ್ಟರು. ಆ ವಿದ್ಯೆ ಯಾವ ಪಠ್ಯಪುಸ್ತಕದಲ್ಲಿಯೂ ಸಿಗಲಿಲ್ಲ. ಆ ಗಾಡಿ ಓಡುತ್ತಿದ್ದ ವೇಳೆ ಕೆಲಸಕ್ಕೆ ಹೋಗುವವನಿಗೆ ಹೊಂದುತ್ತಿತ್ತು ಎಂಬುದಷ್ಟೇ ಇಲ್ಲಿ ಮುಖ್ಯ. ಗಾಡಿಯ ವೇಗಕ್ಕಿಂತ ವೇಳೆ ದೊಡ್ಡದು ಎಂಬುದನ್ನು ನಾನು ಕಲಿತದ್ದು ಅಲ್ಲಿ.

ಇಂದು ನಮ್ಮ ನಿಲ್ದಾಣಕ್ಕೆ ಹೊಸ ಭಾಗ್ಯ ಒದಗಿದೆ. ಕೇಂದ್ರ ಸರ್ಕಾರದ ಅಮೃತ ಭಾರತ ನಿಲ್ದಾಣ ಯೋಜನೆಯ ಪಟ್ಟಿಯಲ್ಲಿ ಕರ್ನಾಟಕದ ಐವತ್ತಕ್ಕೂ ಹೆಚ್ಚು ನಿಲ್ದಾಣಗಳೊಡನೆ ಚಾಮರಾಜನಗರವೂ ಸೇರಿದೆ. ಮುಖಮಂಟಪ, ನಿರೀಕ್ಷಣಾ ಕೊಠಡಿ, ವಾಹನ ನಿಲುಗಡೆ, ಸ್ವಚ್ಛ ಶೌಚಾಲಯ ಮುಂತಾದವು ಈ ಯೋಜನೆಯ ಅಂಗಗಳು. ಬೇಡವೆನ್ನುವವರು ಯಾರು? ಮುಖ್ಯಮಂತ್ರಿಗಳು ಕಾಲಿಟ್ಟರೆ ಕುರ್ಚಿ ಹೋಗುತ್ತದೆಂದು ದಶಕಗಳ ಕಾಲ ಅಂಜಿ ದೂರವಿದ್ದ ಊರಿಗೆ ಸರ್ಕಾರದ ಹಣ ತಾನಾಗಿ ಬರುವುದೇ ಸಂತೋಷದ ವಿಷಯ. ಆದರೆ ಕಟ್ಟಡ ಸುಂದರವಾದ ಮಾತ್ರಕ್ಕೆ ನಿಲ್ದಾಣ ಅಭಿವೃದ್ಧಿಯಾಯಿತೆಂದು ನಾವು ತೃಪ್ತರಾಗಬಾರದು. ಅಂಗಡಿಗೆ ಗಾಜಿನ ಬಾಗಿಲು ಹಾಕಿಸಿ ಸರಕನ್ನೇ ತರಿಸದಿದ್ದರೆ ಏನು ವ್ಯಾಪಾರವಾದೀತು? ನಿಲ್ದಾಣದ ಸರಕೆಂದರೆ ಹೊತ್ತಿಗೆ ಸರಿಯಾಗಿ ಬರುವ ಗಾಡಿ. ಅದರ ಗಿರಾಕಿ ದಿನವೂ ಬರುವ ಪ್ರಯಾಣಿಕ, ವರ್ಷಕ್ಕೊಮ್ಮೆ ತಿರುಪತಿಗೆ ಹೋಗುವವನಲ್ಲ.

ಈ ವಿಷಯದಲ್ಲಿ ಜಗತ್ತಿಗೆ ಪಾಠ ಹೇಳಿದವರು ಜಪಾನೀಯರು. ವಿದೇಶಿ ಕಂಪೆನಿಗಳ ವಾರ್ಷಿಕ ವರದಿಗಳನ್ನು ಓದುವ ಹವ್ಯಾಸ ನನಗೆ ಬಹುಕಾಲದಿಂದ ಇದೆ (ಮನೆಯವರು ಇದನ್ನು ಹವ್ಯಾಸವೆಂದು ಒಪ್ಪುವುದಿಲ್ಲ). ಜಪಾನಿನ ಖಾಸಗಿ ರೈಲ್ವೆ ಕಂಪೆನಿಗಳ ವರದಿಯನ್ನು ತೆರೆದರೆ ರೈಲು ಎಂಬುದು ಹಲವು ವಿಭಾಗಗಳಲ್ಲಿ ಒಂದಾಗಿ ಮಾತ್ರ ಕಾಣುತ್ತದೆ. ನಿವೇಶನ ಮತ್ತು ಕಟ್ಟಡ, ಚಿಲ್ಲರೆ ಮಳಿಗೆ, ಹೋಟೆಲು, ಮನರಂಜನೆ ಇತ್ಯಾದಿ ಅದರ ಪಕ್ಕದಲ್ಲೇ ಕುಳಿತಿರುತ್ತವೆ. ಈ ಪದ್ಧತಿಗೆ ತಳಹದಿ ಹಾಕಿದವರು ಒಸಾಕಾ ನಗರದ ಹಾಂಕ್ಯು ರೈಲ್ವೆಯ ಕೊಬಯಾಶಿ ಇಚಿಜೊ. 1910ರಲ್ಲಿ ಅವರ ಕಂಪೆನಿಯ ರೈಲು ಒಸಾಕಾದ ಉಮೇಡಾದಿಂದ ತಕರಾಜುಕಾ ಎಂಬ ಬಿಸಿನೀರಿನ ಬುಗ್ಗೆಗಳ ಊರಿಗೆ ಓಡಲಾರಂಭಿಸಿತು. ನಡುವೆ ಇದ್ದುದು ಬಹುಪಾಲು ಹೊಲಗದ್ದೆ. ಟಿಕೆಟಿನ ಹಣದಿಂದ ಮಾತ್ರ ಕಂಪೆನಿ ಬದುಕುವಂತಿರಲಿಲ್ಲ. ಅವರು ಅದೇ ವರ್ಷ ಹಳಿಯ ಬದಿಯ ಇಕೇಡಾದಲ್ಲಿ ಮನೆಗಳನ್ನು ಕಟ್ಟಿ, ಸಂಬಳದಾರರಿಗೆ ಕಂತಿನ ಮೇಲೆ ಮಾರಿದರು. ಮನೆ ಕೊಂಡವನು ದಿನವೂ ರೈಲು ಹತ್ತಿದ. 1929ರಲ್ಲಿ ಉಮೇಡಾ ನಿಲ್ದಾಣದಲ್ಲಿಯೇ ಬೃಹತ್ ಮಳಿಗೆಯನ್ನು ತೆರೆದರು. ರೈಲಿನಿಂದಿಳಿದವನು ಅಲ್ಲಿಯೇ ಸಾಮಾನು ಕೊಂಡ.

ಇಷ್ಟನ್ನು ಅನೇಕರು ಬಲ್ಲರು. ನಮಗೆ ಹೆಚ್ಚು ಉಪಯುಕ್ತವಾದ ಭಾಗ ಹಳಿಯ ಇನ್ನೊಂದು ತುದಿಯಲ್ಲಿದೆ. ಬೆಳಿಗ್ಗೆ ಒಸಾಕಾ ಕಡೆಗೆ ತುಂಬಿ ಹೋಗುವ ಗಾಡಿ ಹಿಂದಿರುಗುವಾಗ ಖಾಲಿ ಬರುತ್ತದೆ. ಖಾಲಿ ಗಾಡಿಗೂ ವಿದ್ಯುತ್ತು ಬೇಕು, ಚಾಲಕನಿಗೆ ಸಂಬಳ ಬೇಕು. ಹೀಗಾಗಿ ಕೊಬಯಾಶಿ ಕೊನೆಯ ನಿಲ್ದಾಣದಲ್ಲಿ ಜನರನ್ನು ಸೆಳೆಯುವ ವ್ಯವಸ್ಥೆ ಮಾಡಿದರು. ತಕರಾಜುಕಾದಲ್ಲಿ ಸ್ನಾನಗೃಹಗಳನ್ನು ಕಟ್ಟಿಸಿದರು. 1913ರಲ್ಲಿ ಹೆಣ್ಣುಮಕ್ಕಳ ಗಾಯನ ತಂಡವೊಂದನ್ನು ಆರಂಭಿಸಿ, ಮರುವರ್ಷ ಅದರ ಮೊದಲ ಪ್ರದರ್ಶನ ಏರ್ಪಡಿಸಿದರು. ಆ ನಾಟ್ಯ ಸಂಸ್ಥೆ ಇಂದಿಗೂ ಪ್ರಸಿದ್ಧವಾಗಿದೆ. ಕೊನೆಯ ನಿಲ್ದಾಣವಾಗಿದ್ದ ಊರು ಜನರು ಹುಡುಕಿಕೊಂಡು ಬರುವ ಊರಾಯಿತು.

ಟೋಕಿಯೋ ಸಮೀಪದ ತಾಮಾ ಪ್ಲಾಜಾ ಎಂಬ ಉಪನಗರ ನಿಲ್ದಾಣದ ಉದಾಹರಣೆಯೂ ಗಮನಾರ್ಹ. ಟೋಕ್ಯು ಕಂಪೆನಿ ಆ ನಿಲ್ದಾಣವನ್ನು ತೆರೆದದ್ದು 1966ರಲ್ಲಿ. ಸುತ್ತಲಿನ ಭೂಮಿಯನ್ನೆಲ್ಲ ಕೊಳ್ಳುವ ಬದಲು ಭೂಮಾಲೀಕರ ಸಂಘಗಳೊಡನೆ ಒಪ್ಪಂದ ಮಾಡಿಕೊಂಡು, ಎಲ್ಲರ ಜಮೀನನ್ನೂ ಒಟ್ಟುಗೂಡಿಸಿ, ರಸ್ತೆ ಉದ್ಯಾನಗಳಿಗೆ ಜಾಗ ತೆಗೆದು, ಉಳಿದುದನ್ನು ಮಾಲೀಕರಿಗೆ ನಿವೇಶನಗಳಾಗಿ ಹಿಂದಿರುಗಿಸುವ ಕ್ರಮ ಅಲ್ಲಿಯದು. ಕಾಮಗಾರಿಯ ಖರ್ಚಿಗೆ ಪ್ರತಿಯಾಗಿ ಕಂಪೆನಿಗೆ ಒಂದು ಪಾಲು ಭೂಮಿ. ನಿಲ್ದಾಣದ ಬಳಿ ದೊಡ್ಡ ಮಳಿಗೆ ಬಂದದ್ದು 1982ರಲ್ಲಿ, ಅಂದರೆ ಹದಿನಾರು ವರ್ಷಗಳ ಬಳಿಕ. ನಿಲ್ದಾಣ ಹಾಗೂ ಮಳಿಗೆಗಳೆರಡನ್ನೂ ಸೇರಿಸಿ ಪುನರ್ನಿರ್ಮಾಣ ಮುಗಿದದ್ದು 2010ರಲ್ಲಿ. ಮೊದಲು ಗಾಡಿ, ನಂತರ ಮನೆ, ಆಮೇಲೆ ಮಳಿಗೆ, ಕಟ್ಟಕಡೆಗೆ ಭವ್ಯ ಕಟ್ಟಡ ಎಂಬುದು ಅಲ್ಲಿಯ ಅನುಕ್ರಮ. ನಮ್ಮಲ್ಲಿ ಭವ್ಯ ಕಟ್ಟಡದಿಂದಲೇ ಆರಂಭ.

ಒಸಾಕಾ ಎಲ್ಲಿ, ಚಾಮರಾಜನಗರವೆಲ್ಲಿ ಎಂದು ನಗುವವರಿದ್ದಾರೆ. 2011ರ ಜನಗಣತಿಯಂತೆ ನಮ್ಮ ನಗರದ ಜನಸಂಖ್ಯೆ ಎಪ್ಪತ್ತು ಸಾವಿರದ ಆಸುಪಾಸು. ನಮ್ಮ ರೈಲ್ವೆ ಸರ್ಕಾರದ್ದು, ಅದು ಮನೆ ಕಟ್ಟಿ ಮಾರುವುದಿಲ್ಲ. ಈ ವ್ಯತ್ಯಾಸಗಳನ್ನು ಅಲ್ಲಗಳೆಯುವಂತಿಲ್ಲ. ಆದರೆ ಹಳಿಯ ಎರಡು ತುದಿಗಳಲ್ಲಿಯೂ ಪ್ರಯಾಣಿಕರಿಗೆ ಕಾರಣವಿರಬೇಕು ಎಂಬ ಸೂತ್ರಕ್ಕೆ ಜನಸಂಖ್ಯೆಯ ಹಂಗಿಲ್ಲ. ನಮ್ಮ ತುದಿಯಲ್ಲಿ ಅಂತಹ ಕಾರಣಗಳು ಒಂದೊಂದಾಗಿ ಬಂದು ಸೇರಿವೆ.

1997ರಲ್ಲಿ ಜಿಲ್ಲಾ ಕೇಂದ್ರವಾದ ಮೇಲೆ ಕಚೇರಿಗಳು ಬಂದವು. ಅವುಗಳ ನೌಕರರಲ್ಲಿ ಬಹಳ ಮಂದಿ ಮೈಸೂರಿನಲ್ಲಿಯೇ ಮನೆ ಮಾಡಿಕೊಂಡು ಓಡಾಡುತ್ತಾರೆಂಬುದು ಎಲ್ಲರಿಗೂ ಗೊತ್ತು. 2016ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಸ್ನಾತಕೋತ್ತರ ಕೇಂದ್ರವಾಗಿದ್ದುದು ಈಗ ವಿಶ್ವವಿದ್ಯಾನಿಲಯವಾಗಿದೆ. ಬದನಗುಪ್ಪೆ–ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶ ಸಾವಿರಕ್ಕೂ ಹೆಚ್ಚು ಎಕರೆಗಳಲ್ಲಿ ಹರಡಿದೆ. ದೇಶದ ದೊಡ್ಡ ಉದ್ಯಮ ಸಮೂಹವೊಂದರ ಬಣ್ಣದ ಕಾರ್ಖಾನೆಯೂ ನಮ್ಮ ಜಿಲ್ಲೆಗೆ ಬಂದಿದೆ. ಬೆಳಿಗ್ಗೆ ಮೈಸೂರಿನಿಂದ ಇತ್ತ ಬರುವವರ ಸಂಖ್ಯೆ ಇತ್ತಲಿಂದ ಅತ್ತ ಹೋಗುವವರಿಗೆ ಸಮನಾಗುವ ದಿನ ದೂರವಿಲ್ಲವೆಂದು ನನ್ನ ಅಂದಾಜು. ಎರಡೂ ದಿಕ್ಕಿನಲ್ಲಿ ತುಂಬಿ ಓಡುವ ಗಾಡಿಯ ಅನುಕೂಲ ಉಪನಗರ ಮಾರ್ಗಗಳಲ್ಲಿಯೂ ಎಲ್ಲಕ್ಕೂ ಇರುವುದಿಲ್ಲ.

ಬದನಗುಪ್ಪೆಯ ಒಂದು ಸಣ್ಣ ಘಟಕದ ಲೆಕ್ಕ ನನ್ನ ಕಚೇರಿಯಲ್ಲಿ ಆಗುತ್ತದೆ. ಹೆಸರು ಬೇಡ. ಅದರ ಲಾಭ-ನಷ್ಟ ಖಾತೆಯಲ್ಲಿ ಕೂಲಿ ಮತ್ತು ವಿದ್ಯುತ್ತಿನ ನಂತರ ದೊಡ್ಡ ಬಾಬ್ತು ಯಾವುದೆಂದರೆ ಕಾರ್ಮಿಕರ ಸಾಗಣೆ. ನಂಜನಗೂಡು ಕಡೆಯಿಂದ ನುರಿತ ಕೆಲಸಗಾರರನ್ನು ಕರೆತರಲು ಬಾಡಿಗೆ ವಾಹನ, ಚಾಲಕನಿಗೆ ಭತ್ಯೆ, ವಾಹನ ಕೆಟ್ಟ ದಿನ ಉತ್ಪಾದನೆಯ ನಷ್ಟ. ಆ ಉದ್ಯಮಿಯನ್ನು ಕೇಳಿದೆ: 'ಬದನಗುಪ್ಪೆಯಲ್ಲೇ ರೈಲು ನಿಲ್ದಾಣ ಇದೆಯಲ್ಲ ಸ್ವಾಮಿ?' ಅವರ ಉತ್ತರ: 'ನಿಲ್ದಾಣ ಇದೆ ಸಾರ್, ಶಿಫ್ಟಿಗೆ ಗಾಡಿ ಇಲ್ಲ.' ದೊಡ್ಡ ಕಂಪೆನಿಗಳು ಸ್ವಂತ ಬಸ್ಸುಗಳನ್ನು ಇಟ್ಟುಕೊಳ್ಳುತ್ತವೆ. ಇಪ್ಪತ್ತು ಮೂವತ್ತು ಜನರನ್ನಿಟ್ಟುಕೊಂಡ ಸಣ್ಣ ಉದ್ಯಮಿ ಏನು ಮಾಡಬೇಕು? ಆರು, ಎರಡು, ಹತ್ತು ಗಂಟೆಯ ಶಿಫ್ಟುಗಳಿಗೆ ಮುಂಚಿತವಾಗಿ ತಲುಪುವ ಗಾಡಿ ಓಡಿದರೆ ಮತ್ತು ನಿಲ್ದಾಣದಿಂದ ಕಾರ್ಖಾನೆಗಳಿಗೆ ಒಂದು ಸಾಮಾನ್ಯ ವಾಹನ ಇದ್ದರೆ, ಆ ಬಾಬ್ತಿನ ಬಹುಪಾಲು ಉಳಿತಾಯವಾಗುತ್ತದೆ. ಸಣ್ಣ ಉದ್ಯಮಿಗೆ ಅದು ತೆರಿಗೆ ವಿನಾಯಿತಿಗಿಂತಲೂ ದೊಡ್ಡ ನೆರವು.

ಈಗ ನಮ್ಮ ಸದಸ್ಯರಲ್ಲಿಯೇ ಹಲವರು ಒಳಗೊಳಗೇ ಇಟ್ಟುಕೊಂಡಿರುವ, ಸಭೆಯಲ್ಲಿ ಬಾಯಿಬಿಟ್ಟು ಹೇಳದ ಆತಂಕಕ್ಕೆ ಬರೋಣ. ರೈಲು ಸುಲಭವಾದರೆ ನಮ್ಮ ಗಿರಾಕಿ ಮೈಸೂರಿಗೆ ಹೋಗಿಬಿಡುತ್ತಾನೆ ಎಂಬುದೇ ಆ ಆತಂಕ. ಜವಳಿ ಮತ್ತು ಚಿನ್ನಬೆಳ್ಳಿ ವರ್ತಕರಲ್ಲಿ ಇದು ಹೆಚ್ಚು. ಇದನ್ನು ಹುಸಿ ಭಯವೆಂದು ತಳ್ಳಿಹಾಕಲು ನಾನು ಸಿದ್ಧನಿಲ್ಲ. ಲೆಕ್ಕಪರಿಶೋಧಕ ಸಿಹಿ ಮಾತಾಡಿದರೆ ಅವನ ಸಹಿಗೆ ಬೆಲೆ ಇರುವುದಿಲ್ಲ. ಮದುವೆ ಸೀರೆ ಮತ್ತು ಒಡವೆಗಳ ವ್ಯಾಪಾರದಲ್ಲಿ ಒಂದಷ್ಟು ಪಾಲು ಮೈಸೂರಿಗೆ ಹೋಗುವುದು ಖಂಡಿತ. ಆದರೆ ನಿಮ್ಮ ಪುಸ್ತಕಗಳನ್ನೇ ತಿರುವಿ ನೋಡಿ: ಆ ಪಾಲು ಈಗಾಗಲೇ ಹೋಗಿದೆ. ಬಸ್ಸಿನಲ್ಲಿ ಹೋಗಿದೆ, ಕಾರಿನಲ್ಲಿ ಹೋಗಿದೆ, ಕೈಯಲ್ಲಿರುವ ಮೊಬೈಲಿನ ಮೂಲಕವಂತೂ ಮನೆಯಿಂದ ಏಳದೆಯೇ ಹೋಗಿದೆ. ರೈಲನ್ನು ತಡೆದರೆ ಅದು ಹಿಂದಿರುಗಿ ಬರುವುದಿಲ್ಲ. ಬಾರದೆ ಉಳಿದಿರುವುದು ಮೈಸೂರಿನಿಂದ ಇತ್ತ ಹರಿಯಬೇಕಾದ ಹಣ ಮಾತ್ರ. ಸಂಜೆ ಐದೂವರೆಗೆ ಕಚೇರಿ ಮುಗಿಸಿ ಬಸ್ಸಿನ ಸೀಟಿಗಾಗಿ ಓಡುವ ನೌಕರ ನಮ್ಮ ಊರಿನಲ್ಲಿ ಒಂದು ಕಾಫಿಯನ್ನೂ ಕುಡಿಯುವುದಿಲ್ಲ. ಆರೂವರೆಯ ಗಾಡಿ ಖಚಿತವೆಂದಾದರೆ ಅವನು ತರಕಾರಿ ಕೊಳ್ಳುತ್ತಾನೆ, ಬಾಳೆಹಣ್ಣು ಕೊಳ್ಳುತ್ತಾನೆ, ಚಪ್ಪಲಿ ಹೊಲಿಸುತ್ತಾನೆ.

ಇನ್ನೂ ಒಂದು ಮಾತಿದೆ. ಕೆಲಸಕ್ಕೆ ಮೈಸೂರಿಗೆ ಹೋಗುವ ನಮ್ಮ ಹುಡುಗ ಹುಡುಗಿಯರು, ನಿತ್ಯ ಓಡಾಡುವುದು ಕಷ್ಟವೆಂದು ಅಲ್ಲಿಯೇ ಬಾಡಿಗೆ ಮನೆ ಹಿಡಿಯುತ್ತಾರೆ. ಒಮ್ಮೆ ಅಲ್ಲಿ ಮನೆ ಮಾಡಿದ ಮೇಲೆ ದಿನಸಿ ಅಲ್ಲಿ, ಮಕ್ಕಳ ಶಾಲೆ ಅಲ್ಲಿ, ಮದುವೆಯ ಸೀರೆಯೂ ಅಲ್ಲಿಯೇ. ನಾವು ಕಳೆದುಕೊಳ್ಳುತ್ತಿರುವುದು ಒಂದು ದಿನದ ಗಿರಾಕಿಯನ್ನಲ್ಲ, ಇಡೀ ಸಂಸಾರವನ್ನು. ರೈಲಿನಲ್ಲಿ ಹೋಗಿ ರಾತ್ರಿ ಮನೆಗೆ ಹಿಂದಿರುಗುವ ಮಗ ತನ್ನ ಸಂಬಳದ ದೊಡ್ಡ ಭಾಗವನ್ನು ಇಲ್ಲಿಯೇ ಖರ್ಚು ಮಾಡುತ್ತಾನೆ, ಇಲ್ಲಿಯೇ ಮನೆ ಕಟ್ಟುತ್ತಾನೆ. ಸಿಮೆಂಟು ಕಬ್ಬಿಣ ಮಾರುವವರು ಇದನ್ನು ಗಮನಿಸಬೇಕು. ನನ್ನ ಮನೆಯ ಬೀದಿಯಲ್ಲಿಯೇ ಹಿರಿಯರು ಮಾತ್ರ ಉಳಿದ ಮನೆಗಳನ್ನು ಎಣಿಸಿದರೆ ಒಂದು ಕೈಯ ಬೆರಳು ಸಾಲುವುದಿಲ್ಲ.

ಗುಂಡ್ಲುಪೇಟೆಯವರು ಇದನ್ನೆಲ್ಲ ಓದಿ, ನಮಗೇನು ಬಂತು ಎಂದು ಕೇಳುವುದು ಸಹಜ. ಅವರ ಊರಿಗೆ ಹಳಿಯೇ ಇಲ್ಲ. ಚಾಮರಾಜನಗರ ಹಾಗೂ ನಂಜನಗೂಡು ಎರಡೂ ನಿಲ್ದಾಣಗಳು ಅಲ್ಲಿಂದ ಹೆಚ್ಚುಕಡಿಮೆ 35–40 ಕಿ.ಮೀ. ದೂರ. ರೈಲಿನ ವೇಳೆಗೆ ಹೊಂದುವ ಬಸ್ಸು ಇದ್ದರೆ ಮಾತ್ರ ಅವರಿಗೆ ನಿಲ್ದಾಣದ ಉಪಯೋಗ. ಜಪಾನಿನಲ್ಲಿ ಉಪನಗರ ನಿಲ್ದಾಣದ ಎದುರಿನ ಚೌಕದಲ್ಲಿಯೇ ಬಸ್ಸುಗಳು ಸಾಲಾಗಿ ನಿಂತಿರುತ್ತವೆ. ನಮ್ಮಲ್ಲಿ ರೈಲು ನಿಲ್ದಾಣ ಒಂದು ಕಡೆ, ಬಸ್ ನಿಲ್ದಾಣ ಇನ್ನೊಂದು ಕಡೆ, ಎರಡರ ನಡುವೆ ಆಟೋದವರ ದಯೆ. ಅಮೃತ ಭಾರತ ಯೋಜನೆಯಡಿ ನಿಲ್ದಾಣದ ಮುಂಭಾಗವನ್ನು ವಿಸ್ತರಿಸುವಾಗ ನಾಲ್ಕು ಬಸ್ಸು ನಿಲ್ಲುವಷ್ಟು ಜಾಗವನ್ನು ಕೆ.ಎಸ್.ಆರ್.ಟಿ.ಸಿ.ಗೆ ಬಿಡಿಸಿಕೊಳ್ಳುವುದು ಕಷ್ಟವಲ್ಲ. ಗುಂಡ್ಲುಪೇಟೆ, ಯಳಂದೂರು, ಕೊಳ್ಳೇಗಾಲಗಳ ಬಸ್ಸುಗಳು ಊರೊಳಗೆ ಹೋಗುವ ಮುನ್ನ ಅಲ್ಲಿ ಐದು ನಿಮಿಷ ನಿಂತರೆ ಸಾಕು. ಬಂಡೀಪುರ, ಗೋಪಾಲಸ್ವಾಮಿ ಬೆಟ್ಟ, ಬಿಳಿಗಿರಿರಂಗನ ಬೆಟ್ಟಗಳಿಗೆ ಹೋಗುವ ಪ್ರವಾಸಿಗರೂ ಅಲ್ಲಿ ಇಳಿದಾರು. ನಮ್ಮ ತಕರಾಜುಕಾಗಳು ಅವೇ ಅಲ್ಲವೆ?

ಇಲ್ಲಿ ಒಂದು ಎಚ್ಚರಿಕೆಯ ಮಾತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ರಾಜ್ಯದ ಸರ್ಕಾರಿ ಬಸ್ಸುಗಳಲ್ಲಿ ಪ್ರಯಾಣ ಉಚಿತ. ರೈಲಿನ ಟಿಕೆಟು ಎಷ್ಟೇ ಅಗ್ಗವಾದರೂ ಉಚಿತಕ್ಕಿಂತ ಅಗ್ಗವಾಗಲಾರದು. ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಗಳು ರೈಲನ್ನು ಹತ್ತಬೇಕಾದರೆ ಅದು ಬಸ್ಸಿಗಿಂತ ನಂಬಿಕೆಗೆ ಅರ್ಹವಾಗಿರಬೇಕು, ಸಂಜೆ ನಿಲ್ದಾಣದಲ್ಲಿ ಬೆಳಕಿರಬೇಕು, ಮಹಿಳೆಯರ ಬೋಗಿ ಇರಬೇಕು. 'ರೈಲಿಗೆ ಜನವೇ ಇಲ್ಲ, ಹೆಚ್ಚಿನ ಗಾಡಿ ಏಕೆ' ಎಂದು ಇಲಾಖೆ ಕೇಳಿದಾಗ, ಹೊತ್ತಿಗೆ ಬಾರದ ಗಾಡಿಗೆ ಜನ ಏಕೆ ಬಂದಾರು ಎಂದು ಮರುಪ್ರಶ್ನಿಸಲು ನಮ್ಮ ಬಳಿ ಅಂಕಿಗಳಿರಬೇಕು.

ಸರಕು ಸಾಗಣೆಯ ಬಗ್ಗೆ ಚುಟುಕಾಗಿ ಹೇಳಿ ಮುಗಿಸುತ್ತೇನೆ. ಕಡಕೊಳದಲ್ಲಿ ಕಂಟೈನರ್ ಕಾರ್ಪೊರೇಷನ್ನಿನ ಸರಕು ಕೇಂದ್ರ ಬಂದ ಮೇಲೆ ರಫ್ತುದಾರರಿಗೆ ಅನುಕೂಲವಾಗಿದೆ. ನಮ್ಮ ಕರಿಕಲ್ಲಿನ ವ್ಯಾಪಾರಸ್ಥರು ಅದನ್ನು ಬಳಸಿಕೊಳ್ಳಬೇಕು. ಆದರೆ ಪೂರ್ಣ ರೇಕು ಎಂದರೆ ನಲವತ್ತಕ್ಕೂ ಹೆಚ್ಚು ವ್ಯಾಗನ್ನುಗಳು. ಅರಿಶಿನದ ಮಂಡಿಯವರೆಲ್ಲ ಒಟ್ಟುಗೂಡಿದರೂ ಅದು ದಿನನಿತ್ಯ ತುಂಬುವ ಮಾತಲ್ಲ. ಸಣ್ಣ ವರ್ತಕನಿಗೆ ಬೇಕಾದುದು ಪ್ರಯಾಣಿಕರ ಗಾಡಿಯಲ್ಲಿ ಹತ್ತು ಮೂಟೆ ಹೂವು, ಇಪ್ಪತ್ತು ಪೆಟ್ಟಿಗೆ ತರಕಾರಿ ಸಾಗಿಸುವ ಪಾರ್ಸೆಲ್ ಸೌಲಭ್ಯ. ಇದಕ್ಕೆ ಹೊಸ ಹಳಿ ಬೇಡ, ಒಂದು ಬೋಗಿ ಮತ್ತು ಒಬ್ಬ ಗುಮಾಸ್ತ ಸಾಕು.

ನಿಲ್ದಾಣದೊಳಗಿನ ಮಳಿಗೆಗಳ ವಿಷಯದಲ್ಲಿಯೂ ನಾವು ಈಗಲೇ ಮಾತನಾಡಬೇಕು. 2022ರಲ್ಲಿ ಆರಂಭವಾದ 'ಒಂದು ನಿಲ್ದಾಣ ಒಂದು ಉತ್ಪನ್ನ' ಯೋಜನೆಯಲ್ಲಿ ಸ್ಥಳೀಯ ವಸ್ತುಗಳ ಮಾರಾಟಕ್ಕೆ ಅವಕಾಶವಿದೆ. ಒಳ್ಳೆಯದೇ, ಆದರೆ ಒಂದು ಮೇಜಿನ ಅಂಗಡಿಯಿಂದ ಊರಿನ ವ್ಯಾಪಾರ ಬೆಳೆಯದು. ಕೆಲವೇ ವರ್ಷಗಳ ಪರವಾನಗಿಯ ಮೇಲೆ ಮಳಿಗೆ ಕೊಟ್ಟರೆ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ; ದೂರದ ದೊಡ್ಡ ಗುತ್ತಿಗೆದಾರನೇ ಎಲ್ಲವನ್ನೂ ಹಿಡಿದು ನಮ್ಮವರಿಗೆ ಒಳಬಾಡಿಗೆಗೆ ಕೊಡುತ್ತಾನೆ. ದೀರ್ಘಾವಧಿಯ ಗುತ್ತಿಗೆ, ಸಣ್ಣ ಸಣ್ಣ ಮಳಿಗೆ, ಸ್ಥಳೀಯರಿಗೆ ಒಂದು ಪಾಲು ಎಂಬ ಷರತ್ತುಗಳನ್ನು ಟೆಂಡರಿಗೆ ಮುನ್ನವೇ ಕೇಳಬೇಕು, ಅನಂತರ ಕೇಳಿದರೆ ಪ್ರಯೋಜನವಿಲ್ಲ. ನಿಲ್ದಾಣದ ಸುತ್ತಲಿನ ಖಾಲಿ ಜಮೀನುಗಳ ಮಾಲೀಕರು, ನಗರಸಭೆ ಮತ್ತು ನಗರಾಭಿವೃದ್ಧಿ ಪ್ರಾಧಿಕಾರ ಒಟ್ಟಿಗೆ ಕುಳಿತು ರಸ್ತೆಯ ಅಗಲವನ್ನು ಈಗಲೇ ಗೊತ್ತುಮಾಡದಿದ್ದರೆ, ಬೆಲೆ ಏರಿದ ಮೇಲೆ ಒಂದು ಅಡಿಯನ್ನೂ ಯಾರೂ ಬಿಟ್ಟುಕೊಡುವುದಿಲ್ಲ.

ಬೆಂಗಳೂರಿನ ಹಲವು ಗಾಡಿಗಳು ಈಗ ಮೈಸೂರನ್ನು ದಾಟಿ ಅಶೋಕಪುರಂವರೆಗೆ ಬರುತ್ತಿವೆ. ಅವುಗಳಲ್ಲಿ ಒಂದೆರಡನ್ನು ಇಲ್ಲಿಯವರೆಗೆ ವಿಸ್ತರಿಸಿ ಎಂದು ಕೇಳುವುದು ಸುಲಭ, ಕೇಳಿಯೂ ಇದ್ದೇವೆ. ಅದಕ್ಕಿಂತ ಮೊದಲು ಅಶೋಕಪುರಂ ಮತ್ತು ಚಾಮರಾಜನಗರಗಳ ನಡುವೆಯೇ ಓಡಾಡುವ ಮೆಮು ಗಾಡಿಗಳನ್ನು ಬೆಳಿಗ್ಗೆ ಸಂಜೆ ಗಂಟೆಗೊಂದರಂತೆ ಕೊಡಿ ಎಂದು ಕೇಳೋಣ. ಅಶೋಕಪುರಂನಿಂದ ಇತ್ತ ಒಂಟಿ ಹಳಿಯಾದ್ದರಿಂದ ಎದುರು ಗಾಡಿಗಳು ದಾಟಿಕೊಳ್ಳುವ ನಿಲ್ದಾಣಗಳನ್ನು ಸಜ್ಜುಗೊಳಿಸಬೇಕಾದೀತು. ಆ ಖರ್ಚು ಮೆಟ್ಟುಪಾಳ್ಯಂ ಮಾರ್ಗದ ಒಂದು ಸೇತುವೆಯ ಖರ್ಚಿಗೂ ಸಮವಾಗದು.

ಮುಂದಿನ ಕಾರ್ಯಕಾರಿ ಸಮಿತಿ ಸಭೆಗೆ ಮನವಿಪತ್ರದ ಹೊಸ ಕರಡನ್ನು ಈ ಕ್ರಮದಲ್ಲಿಯೇ ಮಂಡಿಸಲಿದ್ದೇನೆ. ಅದಕ್ಕೆ ಮುನ್ನ ಸದಸ್ಯರಿಂದ ನನಗೆ ಒಂದು ಮಾಹಿತಿ ಬೇಕು. ನಿಮ್ಮ ಅಂಗಡಿ, ಮಂಡಿ ಅಥವಾ ಕಾರ್ಖಾನೆಯಲ್ಲಿ ಕೆಲಸ ಮಾಡುವವರ ಪೈಕಿ ಎಷ್ಟು ಜನ ಯಾವ ಊರಿನಿಂದ ಬರುತ್ತಾರೆ, ಎಷ್ಟು ಗಂಟೆಗೆ ಬರಬೇಕು, ಎಷ್ಟಕ್ಕೆ ಬಿಡುತ್ತಾರೆ, ಅವರ ಸಾಗಣೆಗೆ ತಿಂಗಳಿಗೆ ನಿಮಗೆಷ್ಟು ಖರ್ಚು, ನಿಮ್ಮ ಮನೆಯ ಮಕ್ಕಳಲ್ಲಿ ಎಷ್ಟು ಮಂದಿ ಮೈಸೂರಿಗೆ ಓಡಾಡುತ್ತಾರೆ ಎಂಬ ಐದು ಪ್ರಶ್ನೆಗಳ ಒಂದು ಹಾಳೆಯನ್ನು ಸಂಸ್ಥೆಯ ಕಚೇರಿಯಲ್ಲಿ ಇರಿಸಲಾಗಿದೆ. ಹೆಸರು ಬರೆಯಬೇಕಾಗಿಲ್ಲ. ಗುಂಡ್ಲುಪೇಟೆಯ ಸದಸ್ಯರು ಅಂಚೆಯಲ್ಲಿ ಕಳುಹಿಸಿದರೂ ಆದೀತು. ಜಿ.ಎಸ್.ಟಿ. ರಿಟರ್ನಿನಂತೆ ಕೊನೆಯ ದಿನದವರೆಗೆ ಕಾಯದೆ, ತಿಂಗಳ 25ರೊಳಗೆ ತಲುಪಿಸಿದರೆ ಲೆಕ್ಕ ಹಾಕಲು ನನಗೆ ನಾಲ್ಕು ದಿನ ಸಿಗುತ್ತದೆ.